ಭಾನುವಾರದ ಕನ್ನಡ ಶಾಲೆ: ಅಮೆರಿಕದ ಊರುಗಳಲ್ಲಿ ಕಡಿಮೆ ಖರ್ಚಿನಲ್ಲಿ ಕಟ್ಟಿ ನಡೆಸುವ ಬಗೆ

ಮೊದಲು ಒಂದು ಲೆಕ್ಕ. ಸೆಪ್ಟೆಂಬರಿನ ಲೇಬರ್ ಡೇ ಕಳೆದ ಮೇಲೆ ತರಗತಿ ಶುರು ಮಾಡಿ ಮೇ ಕೊನೆಯ ಮೆಮೋರಿಯಲ್ ಡೇ ಹೊತ್ತಿಗೆ ಮುಗಿಸಿದರೆ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ವಸಂತದ ರಜೆ, ಉದ್ದದ ವಾರಾಂತ್ಯಗಳು ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 30 ಭಾನುವಾರ. ದಿನಕ್ಕೆ ಒಂದೂವರೆ ಗಂಟೆಯಂತೆ ವರ್ಷಕ್ಕೆ 45 ಗಂಟೆ. ಕರ್ನಾಟಕದ ಮಗು ಹೆಚ್ಚೆಂದರೆ ನಾಲ್ಕೈದು ದಿನದಲ್ಲಿ ಕೇಳುವಷ್ಟು ಕನ್ನಡ ಇಲ್ಲಿನ ಮಗುವಿಗೆ ಶಾಲೆಯಿಂದ ಸಿಗುವುದು ಇಡೀ ವರ್ಷದಲ್ಲಿ. ಈ 45 ಗಂಟೆಯನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದು ಮೊದಲು ಗಟ್ಟಿಯಾಗಲಿ. ಕೊಠಡಿ, ಶುಲ್ಕ, ಪುಸ್ತಕದ ವಿಚಾರ ಆಮೇಲೆ.

ನಮ್ಮ ಉತ್ತರ ಇದು: ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗು ಕನ್ನಡದಲ್ಲೇ ಉತ್ತರ ಕೊಡುವಂತಾಗಬೇಕು. ಇಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಮನೆಮಾತು ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಇಂಗ್ಲಿಷ್. ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿಸಿ, ವಾರ್ಷಿಕೋತ್ಸವಕ್ಕೆ ಒಂದು ಹಾಡು ಹಾಡಿಸಿ, ಐದು ವರ್ಷ ಕಳೆದರೂ ಅಜ್ಜಿಗೆ ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳಲಾಗದ ಮಕ್ಕಳು ಬೇಕಾದಷ್ಟಿದ್ದಾರೆ. ದೋಷ ಮಕ್ಕಳದಲ್ಲ, ಗಂಟೆಗಳು ತಪ್ಪು ಜಾಗಕ್ಕೆ ಹೋಗಿವೆ.

ಶುರುವಿಗೆ ಎಷ್ಟು ಜನ ಬೇಕು

ಎಂಟು ಮಕ್ಕಳಿದ್ದರೆ ಒಂದು ತರಗತಿ ನಡೆಯುತ್ತದೆ. ಹನ್ನೆರಡು ದಾಟಿದರೆ ಎರಡು ಮಾಡಿ. ಒಂದು ತರಗತಿಗೆ ಹನ್ನೆರಡಕ್ಕಿಂತ ಹೆಚ್ಚು ಬೇಡ. ಹದಿನೈದು ಮಕ್ಕಳಿಗೆ ತಲಾ ಎರಡು ನಿಮಿಷ ಮಾತಾಡಲು ಬಿಟ್ಟರೆ ಅರ್ಧ ಗಂಟೆ ಅಲ್ಲೇ ಮುಗಿಯಿತು. ಪ್ರತಿ ತರಗತಿಗೆ ಒಬ್ಬ ಶಿಕ್ಷಕರು, ಒಬ್ಬ ಸಹಾಯಕರು ಇರಲಿ. ಶಿಕ್ಷಕರಿಗೆ ಜ್ವರ ಬಂದ ಭಾನುವಾರ ಸಹಾಯಕರು ಪಾಠ ಮಾಡಬೇಕಾಗುತ್ತದೆ, ಆದ್ದರಿಂದ ಅವರ ಕೈಯಲ್ಲೂ ಪಾಠದ ಹಾಳೆ ಇರಬೇಕು.

ಐದು ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬೇಡಿ. ತಂದೆತಾಯಂದಿರು ಒತ್ತಾಯಿಸುತ್ತಾರೆ, ಅಣ್ಣನ ಜತೆ ತಂಗಿಯೂ ಕೂತುಕೊಳ್ಳಲಿ ಎನ್ನುತ್ತಾರೆ. ಆದರೆ ಮೂರು ವರ್ಷದ ಒಂದು ಮಗು ಅತ್ತರೆ ಸಹಾಯಕರು ಪೂರ್ತಿ ಅದಕ್ಕೇ ಮೀಸಲಾಗುತ್ತಾರೆ. ಚಿಕ್ಕವರಿಗೆ ತಾಯಿಯೋ ತಂದೆಯೋ ಜತೆಗಿರುವ ಅರ್ಧ ಗಂಟೆಯ ಹಾಡು-ಕಥೆ ಗುಂಪನ್ನು ಬೇರೆಯಾಗಿ ನಡೆಸಿ.

ಮಕ್ಕಳನ್ನು ವಯಸ್ಸಿನ ಮೇಲೆ ವಿಂಗಡಿಸಬೇಡಿ, ಬರೀ ಅಕ್ಷರಜ್ಞಾನದ ಮೇಲೂ ಬೇಡ. ಸೇರುವಾಗ ಐದು ನಿಮಿಷ ಮಾತಾಡಿಸಿ ನೋಡಿ. "ನಿನ್ನ ಹೆಸರೇನು? ಬೆಳಿಗ್ಗೆ ಏನು ತಿಂದೆ? ಮನೇಲಿ ಯಾರ್ಯಾರಿದ್ದಾರೆ? ನಿನ್ನೆ ಏನು ಮಾಡಿದೆ?" ಮೊದಲ ಎರಡಕ್ಕೆ ಒಂದೊಂದು ಪದದ ಉತ್ತರ ಬಂದರೆ ಒಂದು ಗುಂಪು, ನಾಲ್ಕನೆಯದಕ್ಕೆ ವಾಕ್ಯ ಬಂದರೆ ಇನ್ನೊಂದು. ಕನ್ನಡ ಕಿವಿಗೇ ಬೀಳದ ಮನೆಯ ಮಕ್ಕಳೂ ಬರುತ್ತಾರೆ. ತಂದೆ ಕನ್ನಡದವರು, ತಾಯಿ ಬೇರೆ ಭಾಷೆಯವರು, ಮನೆಯಲ್ಲಿ ಇಂಗ್ಲಿಷ್. ಈ ಮಕ್ಕಳನ್ನು ಮಾತು ಬರುವವರ ನಡುವೆ ಕೂರಿಸಿದರೆ ಮೂರೇ ವಾರಕ್ಕೆ ಬಾಯಿ ಮುಚ್ಚಿಬಿಡುತ್ತಾರೆ. ಅವರಿಗೆ ಬೇರೆ ಗುಂಪೇ ಬೇಕು.

ಕಾಗದಪತ್ರ: ಇರುವ ಕೂಟದ ನೆರಳಲ್ಲಿ ಶುರು ಮಾಡಿ

ನಿಮ್ಮೂರಿನ ಕನ್ನಡ ಕೂಟ ಈಗಾಗಲೇ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಲಾಭರಹಿತ ಸಂಸ್ಥೆ ಎಂಬ ಮಾನ್ಯತೆ ಪಡೆದಿದ್ದರೆ ಅದರ ಒಂದು ಚಟುವಟಿಕೆಯಾಗಿ ಶಾಲೆಯನ್ನು ಶುರು ಮಾಡುವುದೇ ಅಗ್ಗ. ವಿಮೆ, ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ ಎಲ್ಲ ಸಿದ್ಧವಾಗಿರುತ್ತದೆ. ಮೂರು ವಿಷಯವನ್ನು ಮಾತ್ರ ಮೊದಲ ದಿನವೇ ಬರಹದಲ್ಲಿ ಮಾಡಿಕೊಳ್ಳಿ: ಶಾಲೆಯ ಹಣಕ್ಕೆ ಬೇರೆ ಲೆಕ್ಕ, ಪಠ್ಯದ ತೀರ್ಮಾನ ಶಿಕ್ಷಕರದೇ, ಕೂಟದ ಪದಾಧಿಕಾರಿಗಳು ಬದಲಾದರೂ ಶಾಲೆಯ ಸಂಚಾಲಕರು ವರ್ಷದ ನಡುವೆ ಬದಲಾಗುವುದಿಲ್ಲ. ಕೂಟದ ಚುನಾವಣೆ ಡಿಸೆಂಬರ್ ಆಸುಪಾಸಿನಲ್ಲಿ, ಶಾಲೆಯ ವರ್ಷ ಸೆಪ್ಟೆಂಬರಿನಿಂದ ಮೇವರೆಗೆ. ಈ ಎರಡು ಪಂಚಾಂಗಗಳು ಡಿಕ್ಕಿ ಹೊಡೆದು ಜನವರಿಯಲ್ಲಿ ಶಾಲೆ ದಿಕ್ಕಿಲ್ಲದಂತಾಗುವುದುಂಟು.

ಕೂಟವಿಲ್ಲದಿದ್ದರೆ ನೀವೇ ಸಂಸ್ಥೆ ಕಟ್ಟಬೇಕು. ರಾಜ್ಯದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿ ಮಾಡಿಸಿ, ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಉಚಿತವಾಗಿ ಸಿಗುವ ಇಐಎನ್ ಎಂಬ ತೆರಿಗೆ ಸಂಖ್ಯೆ ಪಡೆದು, ಆ ಸಂಖ್ಯೆಯಲ್ಲಿ ಬ್ಯಾಂಕ್ ಖಾತೆ ತೆರೆಯಿರಿ. ವರ್ಷದ ಒಟ್ಟು ಆದಾಯ 50,000 ಡಾಲರ್ ದಾಟದ, ಆಸ್ತಿ 250,000 ಡಾಲರ್ ಮೀರದ ಸಂಸ್ಥೆಗೆ 501(ಸಿ)(3) ಮಾನ್ಯತೆ ಕೇಳಲು ಸಾಮಾನ್ಯವಾಗಿ ಫಾರ್ಮ್ 1023-ಇಝಡ್ ಎಂಬ ಚಿಕ್ಕ ಅರ್ಜಿ ಸಾಕು, ಆದರೆ ನಿಯತ ಶಿಕ್ಷಕರು, ಪಠ್ಯಕ್ರಮ, ದಾಖಲಾದ ಮಕ್ಕಳಿರುವ ಶಾಲೆ ಎಂದು ಐಆರ್‌ಎಸ್ ಎಣಿಸುವ ಸಂಸ್ಥೆ ಪೂರ್ತಿ ಫಾರ್ಮ್ 1023 ಅನ್ನೇ ಹಾಕಬೇಕು. ಚಿಕ್ಕ ಅರ್ಜಿಯ ಶುಲ್ಕ 275 ಡಾಲರ್. ಆಮೇಲೆ ಪ್ರತಿ ವರ್ಷ ಫಾರ್ಮ್ 990-ಎನ್ ಎಂಬ ಪುಟ್ಟ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಹತ್ತು ನಿಮಿಷದ ಕೆಲಸ, ಆದರೆ ಸತತ ಮೂರು ವರ್ಷ ಮರೆತರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ. ಜನವರಿಯಿಂದ ಡಿಸೆಂಬರ್ ಲೆಕ್ಕ ಇಟ್ಟವರಿಗೆ ಗಡುವು ಮೇ 15. ಖಜಾಂಚಿ ಬದಲಾದಾಗ ಕೈತಪ್ಪಿ ಹೋಗುವುದು ಇದೇ.

ಇನ್ನೊಂದು ಎಚ್ಚರ: ಪೋಷಕರು ಕಟ್ಟುವ ಶುಲ್ಕ ದಾನವಲ್ಲ. ಅದಕ್ಕೆ ತೆರಿಗೆ ವಿನಾಯಿತಿಯ ದಾನದ ರಸೀದಿ ಕೊಡಬಾರದು. ಶುಲ್ಕಕ್ಕೆ ಶುಲ್ಕದ ರಸೀದಿ, ಅದರ ಮೇಲೆ ಮನಸಾರೆ ಕೊಟ್ಟದ್ದಕ್ಕೆ ದಾನದ ರಸೀದಿ.

ಶಿಕ್ಷಕರು ಮತ್ತು ಸಂಭಾವನೆ

ಅತಿ ಹೆಚ್ಚು ಎಡವುವುದು ಇಲ್ಲಿ, ಅದೂ ಒಳ್ಳೆಯ ಮನಸ್ಸಿನಿಂದ. ಊರಿನಲ್ಲಿ ಶಿಕ್ಷಕಿಯಾಗಿದ್ದು ಮದುವೆಯಾಗಿ ಬಂದ, ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗುವುದು) ಹೆಣ್ಣುಮಕ್ಕಳೇ ಈ ಶಾಲೆಗಳ ಬೆನ್ನೆಲುಬು. ಅವರಿಗೆ ಗೌರವಧನ ಕೊಡಬೇಕೆನ್ನಿಸುವುದು ಸಹಜ. ಆದರೆ ಕೆಲಸದ ಅನುಮತಿಪತ್ರ ಇಲ್ಲದ ಎಚ್-4ನವರು ಕೆಲಸಕ್ಕೆ ಹಣ ಪಡೆಯುವಂತಿಲ್ಲ. ಎಚ್-1ಬಿಯವರು ತಮ್ಮ ವೀಸಾ ಮಾಡಿಸಿದ ಸಂಸ್ಥೆ ಬಿಟ್ಟು ಬೇರೆಡೆ ದುಡಿದು ಪಡೆಯುವಂತಿಲ್ಲ. ಪ್ರತಿ ತಿಂಗಳ ಗಿಫ್ಟ್ ಕಾರ್ಡ್ ಕೂಡ ಸಂಭಾವನೆಯೇ. "ನೀವು ಕಲಿಸಿ, ನಿಮ್ಮ ಮಗುವಿನ ಶುಲ್ಕ ಮನ್ನಾ" ಎಂಬ ಒಪ್ಪಂದವನ್ನೂ ಹಾಗೆ ಎಣಿಸಬಹುದು, ಅದನ್ನು ಮಾಡುವ ಮೊದಲು ವಲಸೆ ವಕೀಲರನ್ನು ಕೇಳಿ. ಎಲ್ಲರೂ ಸ್ವಯಂಸೇವಕರು ಎಂಬ ನಿಯಮವೇ ಸುರಕ್ಷಿತ. ಅವರು ಕೈಯಿಂದ ಹಾಕಿದ ಖರ್ಚನ್ನು ಬಿಲ್ ನೋಡಿ ಮರಳಿಸಿ. ಒಬ್ಬರ ವೀಸಾಕ್ಕೆ ಕುತ್ತು ತರುವಷ್ಟು ಬೆಲೆ ಯಾವ ಗೌರವಧನಕ್ಕೂ ಇಲ್ಲ.

ಗೌರವ ತೋರಿಸಲು ಬೇರೆ ದಾರಿಗಳಿವೆ. ವಾರಕ್ಕೆ ಅವರ ತಯಾರಿಯನ್ನು ಅರ್ಧ ಗಂಟೆಗೆ ಇಳಿಸಿ: ಪಾಠದ ಹಾಳೆ, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), ಮುದ್ರಣ ಎಲ್ಲವನ್ನೂ ಬೇರೆಯವರು ಮಾಡಿಕೊಡಲಿ. ಶಿಕ್ಷಕರು ಬಿಟ್ಟು ಹೋಗುವುದು ಹೆಚ್ಚಾಗಿ ಶನಿವಾರ ರಾತ್ರಿಯ ತಯಾರಿ ಮತ್ತು ಭಾನುವಾರದ ಮೇಜು-ಕುರ್ಚಿ ಎಳೆದಾಟದ ದಣಿವಿಗೆ.

ಕೆಲವು ದೊಡ್ಡ ಕಂಪನಿಗಳು ತಮ್ಮ ನೌಕರರು ಸ್ವಯಂಸೇವೆ ಮಾಡಿದ ಪ್ರತಿ ಗಂಟೆಗೆ ಆ ಸಂಸ್ಥೆಗೆ ಹಣ ಕೊಡುತ್ತವೆ. ಹಣ ಹೋಗುವುದು ಶಾಲೆಗೆ, ವ್ಯಕ್ತಿಗಲ್ಲ. ಕಲಿಸುವವರಲ್ಲಿ, ಬಾಗಿಲು ಕಾಯುವವರಲ್ಲಿ ಅಂಥ ಕಂಪನಿಯವರು ಇಬ್ಬರು ಮೂವರು ಇದ್ದರೂ ವರ್ಷದ ವಿಮೆಯ ಖರ್ಚು ಹುಟ್ಟಬಹುದು. ಶಾಲೆ ಅಥವಾ ಕೂಟಕ್ಕೆ 501(ಸಿ)(3) ಮಾನ್ಯತೆ ಬೇಕು, ಗಂಟೆಗಳ ದಾಖಲೆ ಸರಿಯಾಗಿರಬೇಕು.

ಮಕ್ಕಳ ಜತೆ ಇರುವ ಪ್ರತಿಯೊಬ್ಬ ದೊಡ್ಡವರ ಹಿನ್ನೆಲೆ ತಪಾಸಣೆ ಮಾಡಿಸಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಜಾರಿಯಲ್ಲಿರುವ ಎಬಿ 506 ಕಾಯ್ದೆಯಂತೆ ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಮಕ್ಕಳೊಡನೆ ಇರುವ ಸ್ವಯಂಸೇವಕರಿಗೆ ತಪಾಸಣೆ, ತರಬೇತಿ ಎರಡೂ ಕಡ್ಡಾಯ. ಭಾನುವಾರದ ಶಿಕ್ಷಕರು 45 ಗಂಟೆ ಕಲಿಸುತ್ತಾರಲ್ಲ, ಹಾಗಾಗಿ ಎಲ್ಲರೂ ಇದರೊಳಗೆ ಬರುತ್ತಾರೆ. "ನಮ್ಮವರೇ, ಗೊತ್ತಿರೋರೇ" ಎಂಬ ಮಾತಿಗೆ ಇಲ್ಲಿ ಜಾಗ ಇಲ್ಲ. ಯಾವ ಕೋಣೆಯಲ್ಲೂ ಮಕ್ಕಳೊಡನೆ ಒಬ್ಬರೇ ದೊಡ್ಡವರು ಇರಬಾರದು, ಬಾಗಿಲು ತೆರೆದಿರಲಿ. ಮಗುವನ್ನು ಕರೆದೊಯ್ಯಲು ಬಂದವರ ಸಹಿ ದಿನವೂ ಪುಸ್ತಕದಲ್ಲಿ ಬೀಳಲಿ. ಫೋಟೊ ತೆಗೆಯಲು ಪೋಷಕರ ಲಿಖಿತ ಒಪ್ಪಿಗೆ ಬೇಕು. ಅಲರ್ಜಿಯ ಪಟ್ಟಿ ಗೋಡೆಯ ಮೇಲಲ್ಲ, ಶಿಕ್ಷಕರ ಕೈಯಲ್ಲಿರಲಿ. ನಮ್ಮ ತಿಂಡಿಗಳಲ್ಲಿ ಕಡಲೆಕಾಯಿ ಎಲ್ಲೆಲ್ಲಿ ಅಡಗಿರುತ್ತದೆ ಎಂದು ಇಲ್ಲಿನ ಶಾಲೆಗಳಿಗೆ ಗೊತ್ತಿಲ್ಲ, ನಮಗೆ ಗೊತ್ತು: ಚಿಕ್ಕಿ, ಚಿತ್ರಾನ್ನ, ಪುಳಿಯೋಗರೆ, ಚಟ್ನಿಪುಡಿ.

ಕೊಠಡಿ

ಕೊಠಡಿಯ ಬಾಡಿಗೆಯೇ ಅತಿ ದೊಡ್ಡ ಖರ್ಚು. ಸರ್ಕಾರಿ ಶಾಲೆಯ ಕೊಠಡಿ ಎಲ್ಲಕ್ಕಿಂತ ಉತ್ತಮ. ಮಕ್ಕಳಿಗೆ ತಕ್ಕ ಕುರ್ಚಿ, ಬರೆಯುವ ಹಲಗೆ, ಹತ್ತಿರದಲ್ಲೇ ಶೌಚಾಲಯ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಿವಿಕ್ ಸೆಂಟರ್ ಕಾಯ್ದೆ ಇರುವುದರಿಂದ ಲಾಭರಹಿತ ಸಮುದಾಯ ಸಂಸ್ಥೆಗಳಿಗೆ ಶಾಲಾ ಜಾಗ ಕಡಿಮೆ ದರದಲ್ಲಿ ಸಿಗುತ್ತದೆ. ಅರ್ಜಿ ಹಾಕಬೇಕಾದದ್ದು ಶಾಲೆಯ ಪ್ರಿನ್ಸಿಪಾಲರಿಗಲ್ಲ, ಶಾಲಾ ಜಿಲ್ಲೆಯ (ಸ್ಕೂಲ್ ಡಿಸ್ಟ್ರಿಕ್ಟ್) ಫೆಸಿಲಿಟಿ ಕಚೇರಿಗೆ. ಭಾನುವಾರ ಬಾಗಿಲು ತೆರೆಯಲು ಬರುವ ಸಿಬ್ಬಂದಿಯ ಗಂಟೆ ಲೆಕ್ಕವೂ ಬಿಲ್ಲಿನಲ್ಲಿ ಸೇರುತ್ತದೆಯೇ ಎಂದು ಮೊದಲೇ ಕೇಳಿ. ಸೇರಿದರೆ ಬಾಡಿಗೆ ದುಪ್ಪಟ್ಟಾದೀತು. ಅಂಥ ಕಡೆ ಶನಿವಾರ ಅಗ್ಗವಾಗಬಹುದು.

ಹೊಣೆಗಾರಿಕೆ ವಿಮೆ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ಘಟನೆಗೆ 10 ಲಕ್ಷ ಡಾಲರ್, ಮತ್ತು ಶಾಲಾ ಜಿಲ್ಲೆಯ ಹೆಸರನ್ನು ಹೆಚ್ಚುವರಿ ವಿಮಾದಾರರಾಗಿ (ಅಡಿಷನಲ್ ಇನ್ಶೂರ್ಡ್) ಸೇರಿಸಿದ ಪತ್ರ. ಆ ಹೆಸರು ಅವರು ಬರೆದುಕೊಟ್ಟ ಹಾಗೆ ಅಕ್ಷರಶಃ ಇರಬೇಕು. ಒಂದು ಪದ ಹಿಂದೆ ಮುಂದಾದರೂ ಪತ್ರ ವಾಪಸ್ ಬರುತ್ತದೆ, ಎರಡು ವಾರ ಹೋಗುತ್ತದೆ.

ಸಾರ್ವಜನಿಕ ಗ್ರಂಥಾಲಯದ ಸಭಾಕೋಣೆ ಉಚಿತ ಎಂದು ಹಿಗ್ಗುವ ಮೊದಲು ನಿಯಮ ಓದಿ. ಶುಲ್ಕ ವಸೂಲು ಮಾಡುವ ಕಾರ್ಯಕ್ರಮಕ್ಕೆ ಕೋಣೆ ಕೊಡುವುದಿಲ್ಲ ಎಂದು ಹಲವು ಗ್ರಂಥಾಲಯಗಳು ಬರೆದಿರುತ್ತವೆ, ಒಂದೇ ಗುಂಪು ಪ್ರತಿ ವಾರ ಬುಕ್ ಮಾಡುವುದಕ್ಕೂ ಮಿತಿ ಇರುತ್ತದೆ. ದೇವಸ್ಥಾನದ ಸಭಾಂಗಣ ಸುಲಭವಾಗಿ ಸಿಗುತ್ತದೆ, ಜಾಗ ಕೊಡುವವರ ಪ್ರೀತಿಯೂ ದೊಡ್ಡದು. ಆದರೂ ಒಂದು ಮಾತು ಹೇಳಲೇಬೇಕು. ಮಂಗಳೂರಿನ ಕ್ರೈಸ್ತ ಮನೆಯವರು, ಭಟ್ಕಳದ, ಕಲಬುರಗಿಯ ಮುಸ್ಲಿಂ ಮನೆಯವರು ಕೂಡ ಕನ್ನಡದವರೇ. ಶಾಲೆ ಅವರದೂ ಆಗಬೇಕಾದರೆ ತರಗತಿ ಪೂಜೆಯ ಜಾಗದಿಂದ ದೂರದ ಕೋಣೆಯಲ್ಲಿ, ಬೇರೆ ಬಾಗಿಲಿನಿಂದ ನಡೆಯಲಿ. ಪ್ರಾರ್ಥನೆಯ ಬದಲು ಎಲ್ಲರಿಗೂ ಸಲ್ಲುವ ಒಂದು ಕನ್ನಡ ಪದ್ಯದಿಂದ ಶುರುವಾಗಲಿ.

ಶುಲ್ಕ: ಸೊನ್ನೆಯೂ ಬೇಡ, ಭಾರವೂ ಬೇಡ

ಶುಲ್ಕವೇ ಇಲ್ಲದ ಶಾಲೆಯಲ್ಲಿ ಫುಟ್‌ಬಾಲ್ ಪಂದ್ಯ ಬಂದ ಭಾನುವಾರ ತರಗತಿ ಖಾಲಿಯಾಗುತ್ತದೆ. ಪೋಷಕರಿಗೆ ಫುಟ್‌ಬಾಲಿಗೆ ಕಟ್ಟಿದ ಹಣ ನೆನಪಿರುತ್ತದೆ. ಚಿಕ್ಕ ಶುಲ್ಕ ಇರಲಿ, ಅದು ಯಾರಿಗೂ ಬಾಗಿಲಾಗಿ ಅಡ್ಡ ನಿಲ್ಲದಿರಲಿ. 24 ಮಕ್ಕಳ, ಎರಡು ತರಗತಿಯ, 30 ವಾರದ ಒಂದು ಮಾದರಿ ಲೆಕ್ಕ ಹೀಗಿದೆ. ನಿಮ್ಮೂರಿನ ದರಗಳನ್ನು ಹಾಕಿಕೊಂಡು ನೋಡಿ.

ಕೊಠಡಿ, ಎರಡೂ ಸೇರಿ ಗಂಟೆಗೆ 30 ಡಾಲರಿನಂತೆ ವಾರಕ್ಕೆ 2 ಗಂಟೆ: 1,800
ವಿಮೆ: 600
ಪುಸ್ತಕ, ತಲಾ 20ರಂತೆ: 480
ಹಿನ್ನೆಲೆ ತಪಾಸಣೆ, 8 ಜನಕ್ಕೆ ತಲಾ 40: 320
ಮುದ್ರಣ, ಕಾಗದ, ಬಣ್ಣ: 300
ವಾರ್ಷಿಕೋತ್ಸವ: 400
ಜಾಲತಾಣ, ವೀಡಿಯೊ ಖಾತೆ: 200
ಕೈಮೀರಿದ್ದಕ್ಕೆ ಶೇ. 10: 410
ಒಟ್ಟು: 4,510 ಡಾಲರ್

24 ಮಕ್ಕಳಲ್ಲಿ ಮೂವರಿಗೆ ಶುಲ್ಕ ಇಲ್ಲ ಎಂದಿಟ್ಟುಕೊಳ್ಳಿ. ಉಳಿದ 21 ಜನಕ್ಕೆ ಹಂಚಿದರೆ ವರ್ಷಕ್ಕೆ ತಲಾ 215 ಡಾಲರ್, ವಾರಕ್ಕೆ ಏಳು ಡಾಲರ್ ಚಿಲ್ಲರೆ. ಕೊಠಡಿ ಪುಕ್ಕಟೆ ಸಿಕ್ಕರೆ ಇದು 120ರ ಹತ್ತಿರಕ್ಕೆ ಇಳಿಯುತ್ತದೆ. ಆ ಮೂರು ಉಚಿತ ಸೀಟುಗಳನ್ನು ಬಜೆಟ್ಟಿನಲ್ಲೇ ಬರೆದಿಡಿ, ಆಮೇಲೆ ನೋಡೋಣ ಎನ್ನಬೇಡಿ. ಕೆಲಸ ಕಳೆದುಕೊಂಡ ಮನೆಯವರು, ಓದಲು ಬಂದವರ ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ. ಅರ್ಜಿಯಲ್ಲಿ "ಪೂರ್ತಿ ಶುಲ್ಕ, ಅರ್ಧ ಶುಲ್ಕ, ಈ ವರ್ಷ ಆಗುವುದಿಲ್ಲ" ಎಂದು ಮೂರು ಚೌಕ ಇಟ್ಟು, ಗುರುತು ಹಾಕಿದ್ದನ್ನು ಖಜಾಂಚಿ ಒಬ್ಬರೇ ನೋಡುವಂತೆ ಮಾಡಿ. ಕಾರಣ ಕೇಳಬೇಡಿ. ಶುಲ್ಕ ವಾಪಸ್ ಎರಡನೇ ವಾರದವರೆಗೆ ಮಾತ್ರ, ಆಮೇಲೆ ಇಲ್ಲ ಎಂದು ಮೊದಲೇ ಹೇಳಿ. ಪುಸ್ತಕ, ವಿಮೆಗೆ ಅಷ್ಟರಲ್ಲಿ ಹಣ ಹೋಗಿರುತ್ತದೆ.

ತೊಂಬತ್ತು ನಿಮಿಷದ ಹಂಚಿಕೆ

ಮೊದಲ ಹತ್ತು ನಿಮಿಷ ಎಲ್ಲರೂ ಸುತ್ತ ಕೂತು ಮಾತು. ಪ್ರತಿ ಮಗು ಈ ವಾರದ ಒಂದು ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಪದ ಗೊತ್ತಿಲ್ಲದಿದ್ದರೆ ಇಂಗ್ಲಿಷ್ ಪದ ಸೇರಿಸಲಿ, ಕ್ರಿಯಾಪದ ಮಾತ್ರ ಕನ್ನಡದ್ದಿರಲಿ. "ನಾನು ಸಾಕರ್ ಆಡಿದೆ" ಎಂದರೆ ಅದು ಪೂರ್ತಿ ಕನ್ನಡ ವಾಕ್ಯವೇ. ಮುಂದಿನ ಇಪ್ಪತ್ತು ನಿಮಿಷ ಬಾಯಿಮಾತಿನ ಅಭ್ಯಾಸ, ಐದು ನಿಮಿಷ ಬಿಡುವು, ಇಪ್ಪತ್ತೈದು ನಿಮಿಷ ಅಕ್ಷರ, ಹದಿನೈದು ನಿಮಿಷ ಆಟ, ಹತ್ತು ನಿಮಿಷ ಕಥೆ. ಕೊನೆಯ ಐದು ನಿಮಿಷಕ್ಕೆ ಪೋಷಕರು ಒಳಗೆ ಬರಲಿ, ಮನೆಪಾಠ ಏನೆಂದು ಮಗುವೇ ಅವರಿಗೆ ಕನ್ನಡದಲ್ಲಿ ಹೇಳಲಿ. ಆಟಕ್ಕೆ ಚೌಕಾಬಾರ, ಅಳಗುಳಿಮಣೆ ಒಳ್ಳೆಯವು. ಎಣಿಸದೆ ಆಡಲಾಗುವುದಿಲ್ಲ, ಎಣಿಕೆ ಕನ್ನಡದಲ್ಲೇ ಎಂಬ ಒಂದೇ ನಿಯಮ ಸಾಕು. ಅಳಗುಳಿಮಣೆ ಇಲ್ಲದಿದ್ದರೆ ಮೊಟ್ಟೆಯ ರಟ್ಟಿನ ಪೆಟ್ಟಿಗೆ, ಹುಣಸೆಬೀಜದ ಬದಲು ರಾಜ್ಮಾ.

ಬಾಯಿಮಾತಿನ ಅಭ್ಯಾಸಕ್ಕೆ ವ್ಯಾಕರಣದ ಹೆಸರು ಬೇಡ, ಒಂದು ವಾರಕ್ಕೆ ಒಂದು ವಾಕ್ಯದ ಅಚ್ಚು ಸಾಕು. ಇಂಗ್ಲಿಷಿನಲ್ಲಿ ಯೋಚಿಸುವ ಮಗು ಖಂಡಿತ ಎಡವುವ ಜಾಗ "ನನಗೆ". "ನಾನು ನೀರು ಬೇಕು", "ನಾನು ಹಸಿವು" ಎನ್ನುತ್ತಾರೆ. ಬೇಕು, ಬೇಡ, ಗೊತ್ತು, ಇಷ್ಟ, ಹಸಿವು, ಚಳಿ, ನಿದ್ದೆ, ಈ ಏಳಕ್ಕೂ "ನನಗೆ" ಎಂದೇ ಶುರು. ಇದೊಂದಕ್ಕೇ ನಾಲ್ಕು ವಾರ ಕೊಟ್ಟರೂ ನಷ್ಟವಿಲ್ಲ. ಎರಡನೆಯದು ಕ್ರಿಯಾಪದದ ಕೊನೆ: ಅಮ್ಮ ಬಂದಳು ಅಥವಾ ಬಂದರು, ಅಪ್ಪ ಬಂದರು, ನಾಯಿ ಬಂತು. ಮೂರನೆಯದು ನೀನು-ನೀವು. ಕೆಲವು ಮನೆಗಳಲ್ಲಿ ಅಜ್ಜಿಗೆ ಪ್ರೀತಿಯಿಂದ "ನೀನು" ಎನ್ನುವ ರೂಢಿ ಇದೆ, ಅದನ್ನು ತಪ್ಪು ಎನ್ನಬೇಡಿ. ಹೊರಗಿನ ಹಿರಿಯರಿಗೆ "ನೀವು, ಬನ್ನಿ, ಕೂತ್ಕೊಳ್ಳಿ" ಎಂದು ಕಲಿಸಿ.

ಇದರ ಜತೆಗೇ ಬರುವ ಮಾತು ಊರೂರಿನ ಕನ್ನಡ. ಧಾರವಾಡದ ಮನೆಯ ಮಗು "ಬರ್ರಿ" ಎನ್ನುತ್ತದೆ, "ಹೋಗಾಕತ್ತೀನಿ" ಎನ್ನುತ್ತದೆ. ಮೈಸೂರು ಕಡೆಯ ಶಿಕ್ಷಕರು ಅದನ್ನು ತಿದ್ದಿದರೆ ಮಗು ಮನೆಗೆ ಹೋಗಿ "ಅಮ್ಮನ ಕನ್ನಡ ತಪ್ಪು" ಎನ್ನುತ್ತದೆ. ಮನೆಯಲ್ಲಿ ಸಿಗುತ್ತಿದ್ದ ದಿನದ ಕನ್ನಡವೂ ಅಲ್ಲಿಗೆ ನಿಂತುಹೋಗುತ್ತದೆ. ಮಾತು ಮನೆಯದ್ದಿರಲಿ, ಬರಹ ಪುಸ್ತಕದ್ದಿರಲಿ. ತರಗತಿಯಲ್ಲಿ ಒಂದೇ ವಸ್ತುವಿಗೆ ಯಾರ ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಹಲಗೆಯ ಮೇಲೆ ಬರೆಯಿರಿ. ತುಳು, ಕೊಂಕಣಿ, ಕೊಡವ ಮನೆಮಾತಿನ ಮಕ್ಕಳ ಪದಗಳಿಗೂ ಅಲ್ಲಿ ಒಂದು ಸಾಲು ಇರಲಿ.

ಅಕ್ಷರ: ಅ ಆ ಇ ಈಯಿಂದ ಶುರು ಮಾಡಬೇಡಿ

ಅಕ್ಷರಮಾಲೆ 49. ವಾರಕ್ಕೆ ಎರಡರಂತೆ ಅ ಆ ಇ ಈ ಎಂದು ಹೋದರೆ ಮೊದಲ ಪದ ಓದುವ ಹೊತ್ತಿಗೆ ಕ್ರಿಸ್‌ಮಸ್ ಬರುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಕಲಿಸಿತು: ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಭಾನುವಾರದ ಶಾಲೆಗೆ ಇದಕ್ಕಿಂತ ತಕ್ಕ ಕ್ರಮ ಇಲ್ಲ. ಮೊದಲ ಐದು ಅಕ್ಷರಕ್ಕೇ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಹತ್ತಾದ ಮೇಲೆ ಮರ, ಜನ, ದನ, ಗಜ, ನಗರ, ಬಸವ. "ಅರಸನ ಗಜ", "ನಗರದ ಜನ", "ಬಸವನ ದನ" ಎಂದು ಜೋಡಿಪದ ಓದಲೂ ಒಂದು ಗುಣಿತ ಬೇಕಿಲ್ಲ. ವಾರಕ್ಕೆ ಎರಡು ಅಕ್ಷರ, ಪ್ರತಿ ಮೂರನೇ ವಾರ ಹೊಸದಿಲ್ಲ, ಬರೀ ಮೆಲುಕು. ಮೊದಲ ವರ್ಷ 30 ವಾರದಲ್ಲಿ 40 ಅಕ್ಷರಕ್ಕೆ ಜಾಗ ಸಿಗುತ್ತದೆ. ಮಹಾಪ್ರಾಣಗಳನ್ನು, ಋ, ಙ, ಞಗಳನ್ನು ಎರಡನೇ ವರ್ಷಕ್ಕೆ ಬಿಡಿ, ಉಳಿದ 36 ಅಷ್ಟರಲ್ಲಿ ಮುಗಿಯುತ್ತವೆ.

ಗುಣಿತಕ್ಕೆ ಬಂದಾಗ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ ಎಂಬ ಹೆಸರುಗಳನ್ನೇ ಬಳಸಿ. ಮಕ್ಕಳಿಗೆ ಆ ಆಕಾರಗಳಿಗೆ ಹೆಸರಿರುವುದೇ ಖುಷಿ. ತೊಡಕು ಬರುವುದು ವು, ಪುಗಳಲ್ಲಿ. ವ ಅಕ್ಷರಕ್ಕೆ ಮಾಮೂಲಿನಂತೆ ಪಕ್ಕದಲ್ಲಿ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ, ಅದಕ್ಕೇ ಅಲ್ಲಿ ಕೊಂಬು ಕೆಳಗಿಳಿಯುತ್ತದೆ. ಕಾರಣ ಹೇಳಿದರೆ ಮರೆಯುವುದಿಲ್ಲ. ಒತ್ತಕ್ಷರದಲ್ಲಿ ಮೊದಲು ಅದೇ ಆಕಾರ ಉಳಿಯುವವನ್ನು ಕಲಿಸಿ: ಅಜ್ಜ, ಹಬ್ಬ, ಹಗ್ಗ, ಅಡ್ಡ. ಆಮೇಲೆ ರೂಪ ಬದಲಾಯಿಸುವ ತ, ನ, ಮ, ಯ, ಲ: ಅತ್ತೆ, ಅನ್ನ, ಅಮ್ಮ, ಅಯ್ಯ, ಬೆಲ್ಲ. ರಕಾರ ಕೊನೆಗೆ. "ಸೂರ್ಯ" ಎಂಬಲ್ಲಿ ಅರ್ಕಾವೊತ್ತು ಯ ಆದ ಮೇಲೆ ಬರೆದಿರುವುದರಿಂದ ಮಕ್ಕಳು "ಸೂಯರ್" ಎಂದು ಓದುತ್ತಾರೆ. ಕಣ್ಣು ನೋಡಿದ ಕ್ರಮದಲ್ಲೇ ಓದುತ್ತಿದ್ದಾರೆ, ಗಮನ ಇಲ್ಲವೆಂದಲ್ಲ. ಆ ಗುರುತು ಕಂಡರೆ ಬಾಯಿ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು ಎಂದು ಬೆರಳಿಟ್ಟು ತೋರಿಸಿ: ಸೂರ್ಯ, ಕಾರ್ಯ, ವರ್ಷ, ಮಾರ್ಗ.

ನೋಟುಪುಸ್ತಕ ಕೊಳ್ಳುವಾಗ ಅಂಗಡಿಯಲ್ಲಿ ವೈಡ್ ರೂಲ್ಡ್ ಎಂದು ನೋಡಿ ತನ್ನಿ. ಅದರ ಸಾಲುಗಳ ನಡುವೆ ಸುಮಾರು 8.7 ಮಿಲಿಮೀಟರ್ ಇರುತ್ತದೆ. ಕಾಲೇಜ್ ರೂಲ್ಡ್‌ನಲ್ಲಿ 7.1 ಮಾತ್ರ, ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಚಿಕ್ಕವರು ಒಂದು ಸಾಲು ಬಿಟ್ಟು ಬರೆಯಲಿ.

ಉಚ್ಚಾರಣೆಯಲ್ಲಿ ಅಮೆರಿಕದ ನಾಲಿಗೆಗೆ ನಾಲ್ಕು ಕಡೆ ಕಷ್ಟ. ಇಂಗ್ಲಿಷಿನ ಟಿ ಮತ್ತು ಡಿ ನಮ್ಮ ತ-ಟ, ದ-ಡಗಳ ನಡುವಿನ ಜಾಗದಲ್ಲಿ ಹುಟ್ಟುತ್ತವೆ, ಹಾಗಾಗಿ ತಾತ ಟಾಟ ಆಗುತ್ತಾರೆ. ನಾಲಿಗೆ ಹಲ್ಲಿಗೆ ತಾಗಿಸಿ ತೋರಿಸಿದರೆ ಸರಿಹೋಗುತ್ತದೆ. ಪದದ ಮೊದಲ ಕ, ಪ ಹೇಳುವಾಗ ಇಂಗ್ಲಿಷಿನ ಅಭ್ಯಾಸದಿಂದ ಉಸಿರು ಹೊರಬರುತ್ತದೆ, ಕಾಲು ಖಾಲು ಆಗುತ್ತದೆ. ಬಾಯಿಯ ಮುಂದೆ ತೆಳು ಕಾಗದ ಹಿಡಿದು, ಅದು ಅಲುಗದಂತೆ "ಕಾಲು" ಎನ್ನಲಿ. ಳ ಮತ್ತು ಲ ಬೇರೆ ಎಂದು ಕಿವಿಗೆ ಗೊತ್ತಾಗಲು ಹಲ್ಲಿ-ಹಳ್ಳಿ, ಬಲೆ-ಬಳೆ, ಕಲೆ-ಕಳೆ ಚಿತ್ರ ಇಟ್ಟು, ಹೇಳಿದ್ದನ್ನು ಮುಟ್ಟುವ ಆಟ ಆಡಿಸಿ. ಬಾಯಿ ತಿರುಗುವ ಮೊದಲು ಕಿವಿ ತಿರುಗಬೇಕು. ನಾಲ್ಕನೆಯದು ಹ್ರಸ್ವ-ದೀರ್ಘ: ಕರು-ಕಾರು, ಬಿಡು-ಬೀಡು. ಚಪ್ಪಾಳೆ ಹೊಡೆದು ಕಲಿಸಿ, ದೀರ್ಘಕ್ಕೆ ಎರಡು ಚಪ್ಪಾಳೆ.

ಪುಸ್ತಕ

ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಒಂದನೇ ತರಗತಿಯ ಪ್ರಥಮ ಭಾಷೆಯ ಪುಸ್ತಕ ಕನ್ನಡ ಮಾತಾಡುವ ಮಗುವಿಗಾಗಿ ಬರೆದದ್ದು, ಇಲ್ಲಿಗೆ ಭಾರವಾಗುತ್ತದೆ. ಅಮೆರಿಕದ ಹಲವು ಕಡೆ ಕನ್ನಡ ಅಕಾಡೆಮಿಯ ಪಠ್ಯಕ್ರಮ ಬಳಸುತ್ತಾರೆ. ಹೊರದೇಶದ ಮಕ್ಕಳಿಗೆಂದೇ ಹಂತಹಂತವಾಗಿ ಮಾಡಿದ್ದರಿಂದ ಹೊಸ ಶಾಲೆಗೆ ಅದರಿಂದ ಶುರು ಮಾಡುವುದು ಸುಲಭ. ಕಥೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ಇದೆ. ಅಲ್ಲಿನ ಕನ್ನಡ ಕಥೆಗಳಿಗೆ ಮುಕ್ತ ಪರವಾನಗಿ ಇದೆ, ಮುದ್ರಿಸಿ ಹಂಚಬಹುದು. ಹನ್ನೆರಡು ವರ್ಷದ ಮಗುವಿಗೆ ಮೊದಲ ಹಂತದ ಕಥೆ ಓದಲು ನಾಚಿಕೆಯಾಗುತ್ತದೆ. ಅಂಥವರಿಗೆ ಅದೇ ಕಥೆಯನ್ನು ಚಿಕ್ಕ ತರಗತಿಗೆ ಓದಿ ಹೇಳುವ ಕೆಲಸ ಕೊಡಿ.

ಹಾಳೆಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ "ನುಡಿ" ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಮಾಡಿದ ಕಡತ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ, ಅದೂ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ.

ಮನೆಪಾಠ ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಐದು ದಿನ. ಅಷ್ಟರಿಂದಲೇ ವರ್ಷಕ್ಕೆ 25 ಗಂಟೆ ಹೆಚ್ಚುತ್ತದೆ. ಅದರಲ್ಲಿ ಒಂದು ದಿನ ಬರಹ ಬೇಡ, ಊರಿಗೆ ಫೋನು. ಅಜ್ಜ ಅಜ್ಜಿಗೆ ಒಂದು ಪ್ರಶ್ನೆ ಕೇಳಿ ಉತ್ತರ ತರಬೇಕು: "ನಿಮ್ಮ ಊರಿನ ಕೆರೆಯ ಹೆಸರೇನು? ನೀವು ಚಿಕ್ಕವರಿದ್ದಾಗ ಶಾಲೆಗೆ ಹೇಗೆ ಹೋಗ್ತಿದ್ರಿ?" ಉತ್ತರವನ್ನು ಮುಂದಿನ ಭಾನುವಾರ ಮೊದಲ ಹತ್ತು ನಿಮಿಷದಲ್ಲಿ ಹೇಳಲಿ. ಶಾಲೆಯ ಯಾವ ಪುಸ್ತಕವೂ ಇದರಷ್ಟು ಮಾತಾಡಿಸುವುದಿಲ್ಲ. ಒಂದು ಸಣ್ಣ ಲೆಕ್ಕ ನೆನಪಿರಲಿ: ನವೆಂಬರಿನ ಮೊದಲ ಭಾನುವಾರ ಮತ್ತು ಮಾರ್ಚಿನ ಎರಡನೇ ಭಾನುವಾರ ಇಲ್ಲಿನ ಗಡಿಯಾರ ಬದಲಾಗುತ್ತದೆ, ಊರಿನದು ಬದಲಾಗುವುದಿಲ್ಲ. ರಾಜ್ಯೋತ್ಸವದ ವೀಡಿಯೊ ಕರೆಗೆ ಊರಿನ ಹಿರಿಯರನ್ನು ಕರೆದಿದ್ದರೆ ಒಂದು ಗಂಟೆ ಮುಂಚೆ ಬಂದು ಕಾಯುವಂತಾದೀತು.

ಹದಿಹರೆಯದವರನ್ನು ಉಳಿಸಿಕೊಳ್ಳುವುದು

ಆರನೇ ತರಗತಿ ದಾಟಿದ ಮೇಲೆ ಮಕ್ಕಳು ಉದುರತೊಡಗುತ್ತಾರೆ. ಗದರಿಸಿ ಹಿಡಿಯಲಾಗುವುದಿಲ್ಲ, ಅವರ ಶ್ರಮಕ್ಕೆ ಅವರ ಶಾಲೆಯಲ್ಲೂ ಬೆಲೆ ಸಿಗಬೇಕು. ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿದ ಸೀಲ್ ಆಫ್ ಬೈಲಿಟರಸಿ, ಅಂದರೆ ಎರಡು ಭಾಷೆ ಬಲ್ಲವರಿಗೆ ಹೈಸ್ಕೂಲ್ ಪ್ರಮಾಣಪತ್ರದ ಮೇಲೆ ಕೊಡುವ ಮುದ್ರೆ, ಈಗ ದೇಶದ ತುಂಬ ಹರಡಿದೆ. ಕನ್ನಡಕ್ಕೆ ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಡಬ್ಲ್ಯೂಎಸ್ ಪರೀಕ್ಷೆ ಇದೆ, ಅದರಲ್ಲಿ ಬರವಣಿಗೆ ಮತ್ತು ಮಾತು ಎರಡನ್ನೂ ನೋಡುತ್ತಾರೆ. ರಾಜ್ಯಕ್ಕೆ ತಕ್ಕಂತೆ ಇಂಟರ್‌ಮೀಡಿಯೆಟ್ ಲೋ ಅಥವಾ ಮಿಡ್ ಹತ್ತಿರದ ಮಟ್ಟ ಕೇಳುತ್ತಾರೆ. ಅಂದರೆ ಪದಗಳ ಪಟ್ಟಿ ಸಾಲದು, ನಡೆದದ್ದನ್ನು ನಾಲ್ಕೈದು ವಾಕ್ಯದಲ್ಲಿ ತಾನೇ ಕಟ್ಟಿ ಹೇಳಬೇಕು. ಪರೀಕ್ಷೆ ನಡೆಯುವುದು ಕಂಪ್ಯೂಟರಿನಲ್ಲಿ, ಆದ್ದರಿಂದ ಏಳನೇ ತರಗತಿಯಿಂದಲೇ ಕನ್ನಡ ಕೀಲಿಮಣೆ ಅಭ್ಯಾಸ ಆಗಲಿ. ಮಗು ಎಂಟನೇ ತರಗತಿಯಲ್ಲಿರುವಾಗಲೇ ಪೋಷಕರು ಹೈಸ್ಕೂಲ್ ಕೌನ್ಸಿಲರ್‌ಗೆ ಇಮೇಲ್ ಬರೆದು, ಈ ಪರೀಕ್ಷೆಯನ್ನು ಒಪ್ಪುತ್ತೀರಾ, ವಿಶ್ವಭಾಷೆಯ ಕ್ರೆಡಿಟ್ ಕೊಡುತ್ತೀರಾ ಎಂದು ಕೇಳಿ ಲಿಖಿತ ಉತ್ತರ ಪಡೆಯಲಿ. ಹನ್ನೊಂದನೇ ತರಗತಿಯಲ್ಲಿ ಕೇಳಿದರೆ ತಡವಾಗಿರುತ್ತದೆ.

ಹದಿನಾಲ್ಕು ದಾಟಿದವರನ್ನು ಸಹಾಯಕ ಶಿಕ್ಷಕರನ್ನಾಗಿ ಮಾಡಿ. ಶಾಲೆಯ ಸೇವಾ ಗಂಟೆಗಳೂ ಸಿಗುತ್ತವೆ. ಆರು ವರ್ಷದ ಮಗುವಿಗೆ "ನನಗೆ ಬೇಕು" ಕಲಿಸುವಾಗ ಅವರದೇ ಕನ್ನಡ ಗಟ್ಟಿಯಾಗುತ್ತದೆ.

ಮೇ ತಿಂಗಳ ಕೊನೆಯ ತರಗತಿಗೆ ಮೊದಲು ಪ್ರತಿ ಶಿಕ್ಷಕರು ಮಗುವಿಗೊಂದು ಅರ್ಧ ಪುಟ ಬರೆದಿಡಬೇಕು: ಯಾವ ಅಕ್ಷರದವರೆಗೆ ಓದುತ್ತದೆ, ಯಾವ ವಾಕ್ಯ ತಾನಾಗಿ ಬರುತ್ತದೆ, ಎಲ್ಲಿ ಎಡವುತ್ತದೆ, ಮನೆಯಲ್ಲಿ ಕನ್ನಡ ಯಾರು ಆಡುತ್ತಾರೆ. ಜೂನಿನಲ್ಲಿ ಅರ್ಧ ಊರು ಇಂಡಿಯಾಕ್ಕೆ ಹೊರಟಿರುತ್ತದೆ, ಸೆಪ್ಟೆಂಬರಿನಲ್ಲಿ ಶಿಕ್ಷಕರೂ ಬದಲಾಗಿರಬಹುದು. ಊರಿಗೆ ಹೋಗುವ ಮಕ್ಕಳ ಕೈಗೆ ಒಂದು ಪಟ್ಟಿ ಕೊಡಿ: ಬಸ್ಸಿನ ಬೋರ್ಡು ಹತ್ತು ಓದಿ ಬರೆದುಕೊ, ಅಂಗಡಿಯಲ್ಲಿ ನೀನೇ ಕೇಳಿ ಒಂದು ಸಾಮಾನು ತಾ, ಮೈಲಿಗಲ್ಲಿನ ಮೇಲಿನ ಊರಿನ ಹೆಸರು ಓದು. ಮುಂದಿನ ವರ್ಷದ ಕೊಠಡಿಯ ಅರ್ಜಿಯನ್ನು ಮಾತ್ರ ಇದಕ್ಕೆಲ್ಲ ಮೊದಲು, ಏಪ್ರಿಲ್‌ನಲ್ಲೇ ಹಾಕಿಬಿಡಿ. ಆಗಸ್ಟ್‌ನಲ್ಲಿ ಕೇಳಲು ಹೋದರೆ ಭಾನುವಾರದ ಬೆಳಗು ಬೇರೆಯವರ ಪಾಲಾಗಿರುತ್ತದೆ.